ಅರವತ್ತು ಎಡ ಎದೆ

ಸಾರಿನಲ್ಲಿ ಮತ್ತೆ ಕೂದಲು ಸಿಕ್ಕಿತು. ಸಿಪ್ರಿಯಾನೊ ಲಿಮಾಚಿ ಅದನ್ನು ಚಮಚದ ತುದಿಯಿಂದ ಎತ್ತಿ ಬಟ್ಟಲಿನ ಅಂಚಿಗೆ ಒರೆಸಿದ. ಕಂದು ಬಣ್ಣ, ಬೆರಳುದ್ದ.

"ಯಾರ ತಲೇದು ಇದು?"

"ನಿನ್ನ ಮಿಷನ್ನಿನ ತಲೇದು," ಎಂದಳು ಹೆಂಡತಿ ದಾಮಸಾ. "ಸುಮ್ನೆ ತಿನ್ನು. ನಾವೆಲ್ಲ ತಿಂತಾ ಇಲ್ವಾ?"

ಹತ್ತೊಂಬತ್ತರ ಮಗಳು ನಿಯೆವೆಸ್ ತನ್ನ ಬಟ್ಟಲಿನಿಂದ ಎರಡು ಎಳೆ ತೆಗೆದು ಅಪ್ಪನ ಎಳೆಯ ಪಕ್ಕ ಸಾಲಾಗಿ ಇಟ್ಟಳು. "ಇನ್ನೊಂದು ವಾರ ಹೀಗೇ ಉಂಡ್ರೆ ಒಂದು ತೋಳಿಗಾಗುವಷ್ಟು ಸಿಗತ್ತೆ ಅಪ್ಪ."

ಮೂಲೆಯ ಮಂಚದಲ್ಲಿದ್ದ ಅಜ್ಜಿ ಬಸೀಲಿಯಾ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಒಣ ಆಲೂಗಡ್ಡೆಯ ಸಾರು ತಣ್ಣಗಾಗಿ ಮೇಲೆ ಕೆನೆಗಟ್ಟುವವರೆಗೂ ಅವಳು ಕೆಮ್ಮಿದಳು. ಯಾರೂ ಚಮಚ ಎತ್ತಲಿಲ್ಲ.

ಬೆಟ್ಟದ ಮೇಲಿನ ಚಳಿಯೂರು ಎಲ್ ಆಲ್ಟೊದ ಆ ಮನೆಗೆ ಇದ್ದದ್ದು ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಮಂಚಗಳು, ಅಲ್ಲೇ ಎರಡು ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಊಟದ ಮೇಜೂ ಅದೇ. ಮೇಲೆ ಇನ್ನೊಂದು ಕೋಣೆ ಕಟ್ಟುತ್ತೇನೆಂದು ಸಿಪ್ರಿಯಾನೊ ಮಾಳಿಗೆಗೆ ಏರಿಸಿದ್ದ ಇಟ್ಟಿಗೆ ಆರು ವರ್ಷದಿಂದ ಬಿಸಿಲು, ಹಿಮ ತಿನ್ನುತ್ತ ಬಿದ್ದಿತ್ತು. ಕೋಣೆ ಬರಲಿಲ್ಲ, ಕರೆಂಟಿನ ಕತ್ತರಿ ಬಂತು. ದುಂಡು ಅಲಗಿನದು. ಗಿರ್ರೆಂದು ತಿರುಗಿ ಹನ್ನೆರಡು ಪದರ ಬಟ್ಟೆಯನ್ನು ಒಂದೇ ಏಟಿಗೆ ಸೀಳುತ್ತಿತ್ತು. ಸಾದಾ ಬಟ್ಟೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಕರಡಿಯ ಮೈಯಂತಿರುವ ಕೂದಲುಬಟ್ಟೆಗೆ ಅದನ್ನು ಇಟ್ಟರೆ ತಳದ ಹೆಣಿಗೆಯ ಜೊತೆ ಕೂದಲೂ ತುಂಡಾಗುತ್ತದೆ. ತುಂಡಾದ ಕೂದಲು ಎದ್ದು ತೇಲುತ್ತದೆ. ಸಾರಿಗೆ ಬೀಳುತ್ತದೆ, ಹಾಸಿಗೆಗೆ ಬೀಳುತ್ತದೆ, ಮೂಗಿನೊಳಗೆ ಹೋಗುತ್ತದೆ. ಊರಿಗೆಲ್ಲ ಬೆಚ್ಚಗೆ ಹೊದಿಸುವವರ ಎದೆಯೊಳಗೆ ಆ ಬಟ್ಟೆಯೇ ಹೋಗಿ ಕೂರುತ್ತದೆ. ಯಾವ ಅಂಗಡಿಯವನೂ ಅದನ್ನು ಕೋಟಿನ ಬೆಲೆಯಲ್ಲಿ ಸೇರಿಸುವುದಿಲ್ಲ.

ಆ ಊರಿಗೆ ಚಳಿಗಾಲ ಕಾಲಿಡುವ ಮೇ ತಿಂಗಳ ಮೊದಲ ವಾರ ದಾಮಸಾ ಅತ್ತೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ನರ್ಸು ಬಸೀಲಿಯಾಳ ಬೆನ್ನಿಗೆ ಕಿವಿಗೊಳವೆ ಇಟ್ಟು ಕೇಳಿ, ಅವಳ ಶಾಲಿನ ಮೇಲಿನ ಕಂದು ಎಳೆಗಳನ್ನು ನೋಡಿದಳು.

"ಒಂದೋ ಅಜ್ಜೀನ ಆ ಕೋಣೆಯಿಂದ ಹೊರಗಿಡಿ, ಇಲ್ಲಾಂದ್ರೆ ಆ ಕೂದಲನ್ನ ಹೊರಗಿಡಿ. ಈ ಚಳಿಗಾಲ ಎದೆ ತಡಕೊಳ್ಳಲ್ಲ."

"ಇರೋದೇ ಒಂದು ಕೋಣೆ ಕಣಮ್ಮ," ಎಂದಳು ಬಸೀಲಿಯಾ.

"ಹಾಗಾದ್ರೆ ಕೂದಲು."

ಮನೆಗೆ ಬಂದವಳೇ ದಾಮಸಾ ಕರೆಂಟಿನ ಕತ್ತರಿಯ ತಂತಿ ಕಿತ್ತು ಸುತ್ತಿ, ಒಲೆಯ ಹಿಂದೆ ಇಟ್ಟಳು. ನೀಲಗಿರಿ ಎಲೆ ಕುದಿಸಿ ಅತ್ತೆಗೆ ಹಬೆ ಕೊಡುತ್ತಿದ್ದಾಗ ಸಿಪ್ರಿಯಾನೊ ಒಳಗೆ ಬಂದ.

"ತಂತಿ ಎಲ್ಲಿ?"

"ಒಲೆ ಹಿಂದೆ. ಅಲ್ಲೇ ಇರತ್ತೆ."

"ತಲೆ ಕೆಟ್ಟಿದ್ಯಾ? ಜೂನ್ ಕೊನೇಲಿ ಬರೋ ಸಾನ್ ಹುವಾನ್ ಹಬ್ಬಕ್ಕೆ ಮುಂಚೆ ಮೂವತ್ತು ಕೋಟು ಕೇಳಿದ್ದಾನೆ ಅಂಗಡಿ ದೋನ್ ಎರಾಸ್ಮೊ. ಚಳಿ ಬಿದ್ದ ಮೇಲೆ ಕೊಟ್ರೆ ಅವನೇನು ಅದನ್ನ ಉಪ್ಪಿನಕಾಯಿ ಹಾಕ್ತಾನಾ?"

"ಚಾಕುವಲ್ಲಿ ಕತ್ತರಿಸಿದ್ರೆ ಕೂದಲು ಹಾರಲ್ಲ. ಬಟ್ಟೆ ಬೋರಲು ಹಾಕಿ, ಒಂದೊಂದೇ ಪದರ, ತುದಿಯಲ್ಲಿ ತಳ ಮಾತ್ರ ಸೀಳೋದು. ನಮ್ಮಮ್ಮ ಹಾಗೇ ಮಾಡ್ತಿದ್ಲು. ನಾನು ಕತ್ತರಿಸ್ತೀನಿ."

"ನೀನಾ!" ಸಿಪ್ರಿಯಾನೊ ಬಾಗಿ ನಮಸ್ಕಾರ ಮಾಡಿದ. "ಬನ್ನಿ ಬನ್ನಿ, ಮೇಸ್ತ್ರಮ್ಮ. ನಾನು ಹೋಗಿ ಪಾತ್ರೆ ಬೆಳಗ್ಲಾ?"

"ಬೆಳಗು. ಅಭ್ಯಾಸ ಆಗತ್ತೆ."

ಈ ಕಸುಬಿನಲ್ಲಿ ಕತ್ತರಿಸುವವನು ಮೇಸ್ತ್ರಿ. ಅವನ ಹೆಸರಿಗೇ ಕೆಲಸ ಬರುತ್ತದೆ, ಅವನ ಕೈಗೇ ಬೆಲೆ ಬೀಳುತ್ತದೆ. ಹದಿನಾಲ್ಕು ಗಂಟೆ ಯಂತ್ರದ ಮುಂದೆ ಬಾಗಿ ಕೂತವಳು "ಸಹಾಯ ಮಾಡ್ತಾಳೆ." ಇಪ್ಪತ್ತೆರಡು ವರ್ಷದಿಂದ ದಾಮಸಾ ಸಹಾಯ ಮಾಡುತ್ತಿದ್ದಳು. ಪ್ರತಿ ಕೋಟಿನ ಕತ್ತಿನ ಒಳಗೆ "ಲಿಮಾಚಿ ಮತ್ತು ಮಗ" ಎಂಬ ಪಟ್ಟಿ ಹೊಲಿಯುತ್ತಿದ್ದವಳೂ ಅವಳೇ. ಆ ಲಿಮಾಚಿ ತೀರಿಕೊಂಡ ಮಾವ. ಆ ಮಗ ಸಿಪ್ರಿಯಾನೊ.

ಮೂರು ದಿನ ಜಗಳ ನಡೆಯಿತು. ಬೆಳಗಿನ ಬ್ರೆಡ್ಡಿನ ಮುಂದೆ ಜಗಳ, ನೀರಿನ ಕೊಡದ ಪಕ್ಕ ಜಗಳ. ನಾಲ್ಕನೆಯ ದಿನ ಬಸೀಲಿಯಾ ಮಗನನ್ನು ಮಂಚದ ಬಳಿ ಕರೆದು ತನ್ನ ಕರವಸ್ತ್ರ ಬಿಡಿಸಿ ತೋರಿಸಿದಳು. ಕೆಮ್ಮಿದ್ದರಲ್ಲಿ ಕಂದು ಎಳೆಗಳಿದ್ದವು.

ಸಿಪ್ರಿಯಾನೊ ಕರವಸ್ತ್ರವನ್ನು ಮತ್ತೆ ಮಡಚಿ ತಾಯಿಯ ಕೈಗಿಟ್ಟ. "ಸರಿ. ಚಾಕುವಲ್ಲೇ ಆಗಲಿ," ಎಂದ. "ಆದ್ರೆ ಕತ್ತರಿಸೋನು ನಾನು. ಬಾಗಿಲು ಹಾಕ್ಕೊಂಡು ಕತ್ತರಿಸ್ತೀನಿ. ಲಿಮಾಚಿ ಹೆಂಗಸರ ಚಾಕು ಹಿಡಿದು ಕೂತಿದ್ದಾನೆ ಅಂತ ಬೀದಿಯೋರು ಆಡ್ಕೊಳ್ಳೋದು ಬೇಡ."

"ಮೊದಲಿನ ಎರಡು ನಾನು ತೋರಿಸ್ಲಾ?"

"ನನಗೆ ನೀನು ತೋರಿಸ್ತೀಯಾ?"

ಎರಡು ದಿನ ಹೆಂಗಸರು ಮೂವರೂ ಅಂಗಳದ ಬಿಸಿಲಿನಲ್ಲಿ ಕೂತರು. ಒಲೆಯನ್ನೂ ಹೊರಗೆ ತಂದರು. ದಾಮಸಾ ಮೆಣಸಿನಕಾಯಿ, ಟೊಮೆಟೊ ಅರೆದಳು. ನಿಯೆವೆಸ್ ದಬ್ಬಣಗಳನ್ನು ಮಸೆದಳು. ಅಜ್ಜಿ ಕೆಮ್ಮು ಕಡಿಮೆಯಾಗಿ ಬಿಸಿಲಿಗೆ ತೂಕಡಿಸಿದಳು. ಒಳಗೆ ಗಿರ್ರೆನ್ನುವ ಸದ್ದು ಇರಲಿಲ್ಲ. ಊಟದ ಹೊತ್ತಿಗೆ ಬಾಗಿಲು ಗೇಣು ತೆರೆದು ಕೈ ಹೊರಗೆ ಬರುತ್ತಿತ್ತು, ಬಟ್ಟಲು ಒಳಗೆ ಹೋಗುತ್ತಿತ್ತು.

ಎರಡನೆಯ ದಿನ ಸಂಜೆ ಬಾಗಿಲು ಪೂರ್ತಿ ತೆರೆಯಿತು. ಸಿಪ್ರಿಯಾನೊನ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು, ಮುಖದಲ್ಲಿ ಗೆದ್ದ ಕಳೆ. ಮೇಜಿನ ಮೇಲೆ ಬೆನ್ನಿನ ತುಂಡು ಮೂವತ್ತು, ಕೋಟಿಗೆರಡರಂತೆ ಎದೆಯ ತುಂಡು ಅರವತ್ತು, ಹತ್ತು ಹತ್ತರ ಕಟ್ಟು ಕಟ್ಟಿ ಜೋಡಿಸಿಟ್ಟಿದ್ದ. ತೋಳಿನ ಬಟ್ಟೆ ಇನ್ನೂ ಇಡಿಯಾಗಿತ್ತು. ನೆಲದ ಮೇಲೆ ಒಂದು ಎಳೆ ಕೂದಲಿಲ್ಲ.

"ನೋಡಮ್ಮ," ಎಂದ ತಾಯಿಗೆ. "ಉಸಿರಾಡು."

ಮರುದಿನ ಬೆಳಿಗ್ಗೆ ದಾಮಸಾ ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಸಡಿಲಿಸಿ, ಹೊಲಿಗೆಯ ಉದ್ದ ಹೆಚ್ಚಿಸಿ ಕೂತಳು. ಒಂದು ಬೆನ್ನು ತೆಗೆದಳು. ಒಂದು ಎದೆ ತೆಗೆದು ಭುಜಕ್ಕೆ ಹೊಂದಿಸಿದಳು: ಎಡ. ಇನ್ನೊಂದು ತೆಗೆದಳು. ಅದೂ ಎಡ. ಇನ್ನೊಂದು.

"ನಿಯೆವೆಸ್, ಆ ಕಟ್ಟಿನಿಂದ ಒಂದು ಬಲ ಎದೆ ಕೊಡು."

ನಿಯೆವೆಸ್ ಕಟ್ಟು ಬಿಚ್ಚಿದಳು. ಎರಡನೆಯದನ್ನು ಬಿಚ್ಚಿದಳು. ಆರೂ ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿದಳು. "ಅಮ್ಮ... ಬಲ ಇಲ್ಲ."

"ಏನಂದೆ?"

"ಒಂದೂ ಇಲ್ಲ. ಎಲ್ಲಾ ಎಡ."

ಆಗಿದ್ದು ಇಷ್ಟು. ಸಿಪ್ರಿಯಾನೊ ಬದುಕಿಡೀ ಬಟ್ಟೆಯನ್ನು ಮಡಚಿ ಕತ್ತರಿಸಿದವನು. ಮಡಿಕೆಯಲ್ಲಿ ರಟ್ಟಿನ ನಮೂನೆ ಒಮ್ಮೆ ಇಟ್ಟರೆ ಎಡಕ್ಕೆ ಬಲ ತಾನಾಗಿ ಜೋಡಿ ಬರುತ್ತದೆ. ಒಂದೇ ಪದರದಲ್ಲಿ ಕತ್ತರಿಸುವಾಗ ಒಂದು ತುಂಡಾದ ಮೇಲೆ ರಟ್ಟನ್ನು ಮಗುಚಿ ಇಡಬೇಕು. ಅವನು ಮಗುಚಲಿಲ್ಲ. ಅರವತ್ತು ಸಲ ಮಗುಚಲಿಲ್ಲ. ಬಾಗಿಲು ಹಾಕಿಕೊಂಡಿದ್ದರಿಂದ ಹೇಳುವವರೂ ಇರಲಿಲ್ಲ.

"ಯಾರಿಗೆ ಹೊಲಿಯೋಣ ಇದನ್ನ?" ದಾಮಸಾಳ ದನಿ ಏರಿತು. "ಎರಡು ಹೃದಯ ಇರೋರಿಗಾ?"

"ನಿನ್ನ ಹಾಳು ಚಾಕು ಪದ್ಧತಿ! ಮಡಚಿ ಕತ್ತರಿಸ್ತಾ ಇಪ್ಪತ್ತೆರಡು ವರ್ಷ ಒಂದು ತುಂಡು ತಪ್ಪಿಲ್ಲ ನಾನು!"

"ಪದ್ಧತಿ ಏನು ಮಾಡ್ತು? ತೋರಿಸ್ತೀನಿ ಅಂದಾಗ ಏನಂದೆ?"

"ನೀನು ತಂತಿ ಕೀಳ್ದಿದ್ರೆ..."

"ತಂತಿ ಹಾಕು ಹಾಗಾದ್ರೆ! ನಿಮ್ಮಮ್ಮನ ಪಕ್ಕದಲ್ಲೇ ಹಾಕು!"

ಸಿಪ್ರಿಯಾನೊ ಏಣಿ ಹತ್ತಿ ಮಾಳಿಗೆಗೆ ಹೋಗಿ ಇಟ್ಟಿಗೆ ರಾಶಿಯ ಮೇಲೆ ಕೂತ. ಮಧ್ಯಾಹ್ನ ಊಟಕ್ಕೆ ಇಳಿಯಲಿಲ್ಲ. ನಿಯೆವೆಸ್ ಬಟ್ಟಲು ಹಿಡಿದು ಹತ್ತಿದಳು, ಹಾಗೇ ಇಳಿದಳು. ಅದೇ ಬಣ್ಣದ ಬಟ್ಟೆ ಸಿಗುತ್ತದೇನೋ ಎಂದು ಬೀದಿಯ ಮೂರೂ ಅಂಗಡಿ ತಿರುಗಿ ಬಂದಳು. ಮುಂದಿನ ಸರಕು ಬರುವುದು ಜುಲೈಯಲ್ಲಿ. ಚಳಿ ಜುಲೈವರೆಗೆ ಕಾಯುವುದಿಲ್ಲ.

ಸಂಜೆ ಅಂಗಳದ ನೆರಳು ಉದ್ದವಾಗಿ ಚಳಿ ಇಳಿಯಿತು. ಬಸೀಲಿಯಾ ನೆಲದ ಮೇಲಿನ ರಾಶಿಯಿಂದ ಒಂದು ಎದೆಯ ತುಂಡು ಎಳೆದು ಹೊದ್ದುಕೊಂಡಳು. ಕಣ್ಣು ಅರ್ಧ ಹೋದವಳು, ಅಂಗೈಯಿಂದಲೇ ನೋಡುವವಳು. ಕೂದಲು ಮೈಗೆ ತಾಗಲಿ ಎಂದು ತುಂಡನ್ನು ಒಳಮಗ್ಗುಲಾಗಿ ತಿರುಗಿಸಿ ಎದೆಗೆ ಒತ್ತಿಕೊಂಡಳು.

"ಅತ್ತೆ, ಅದು ಕೊಳೆಯಾಗತ್ತೆ, ಶಾಲು ಕೊಡ್ತೀನಿ..." ಎನ್ನುತ್ತ ಬಗ್ಗಿದ ದಾಮಸಾ ಹಾಗೇ ನಿಂತಳು. ಕತ್ತಿನ ಬಾಗು ಅತ್ತೆಯ ಕತ್ತಿಗೆ ಸರಿಯಾಗಿ ಕೂತಿತ್ತು. ಕಂಕುಳಿನ ತಿರುವು ಬಲಗಂಕುಳಿಗೆ ಹೊಂದಿತ್ತು.

"ಅತ್ತೆ. ಅಲ್ಲಾಡಬೇಡಿ."

"ಏನು ಹುಳಾನಾ?"

"ಬಲ ಎದೆ! ತಿರುಗಿಸಿದ್ರೆ ಅದೇ ಬಲ ಎದೆ ಅತ್ತೆ!"

ನಿಯೆವೆಸ್ ಓಡಿ ಬಂದು ನೋಡಿದಳು. "ಆದ್ರೆ ಅಮ್ಮ, ಕೂದಲು ಒಳಗೆ ಹೋಯ್ತು. ಹೊರಗೆ ಬರೀ ತಳ ಕಾಣತ್ತೆ, ಬೋಳು ಕುರಿ ಥರ."

"ಮುಚ್ಚೋಣ."

"ಯಾವುದರಲ್ಲಿ?"

ದಾಮಸಾ ಅತ್ತೆಯ ಮಂಚ ನೋಡಿದಳು. ಹೋದ ವರ್ಷ ಸಿಪ್ರಿಯಾನೊ ಅಗ್ಗಕ್ಕೆ ಸಿಕ್ಕಿತೆಂದು ಒಂದು ಸುತ್ತು ಜಾಳು ಹೆಣಿಗೆಯ ಬಟ್ಟೆ ತಂದಿದ್ದ. ದಪ್ಪ ಉಣ್ಣೆ, ಬೆರಳು ತೂರುವಷ್ಟು ಸಡಿಲ; ಹೊಲಿದರೆ ಹಿಗ್ಗಿ ಮೊಣಕಾಲಿಗೆ ಇಳಿಯುತ್ತಿತ್ತು, ಕತ್ತರಿಸಿದರೆ ಅಂಚಿನಿಂದ ಬಿಚ್ಚಿಕೊಂಡು ಓಡುತ್ತಿತ್ತು. ಯಾರಿಗೂ ಬೇಡವಾಗಿ ಅದು ಅಜ್ಜಿಯ ಹಾಸಿಗೆಯ ಕೆಳಗೆ ಮೆತ್ತೆಯಾಗಿತ್ತು. ಅದೂ ಕಂದು, ಸ್ವಲ್ಪ ತಿಳಿ.

"ತಗೋ," ಎಂದಳು ಬಸೀಲಿಯಾ ಕೇಳುವ ಮುಂಚೆಯೇ. "ಆ ಗಂಟುಗಳ ಮೇಲೆ ಮಲಗಿ ನನ್ನ ಬೆನ್ನೂ ಹೆಣಿಗೆ ಆಗಿದೆ."

ದಾಮಸಾ ಮೇಜಿನ ಆ ಕಡೆಗೆ, ಮೇಸ್ತ್ರಿ ನಿಲ್ಲುವ ಕಡೆಗೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಆ ಕಡೆ ನಿಂತದ್ದು ಒರೆಸುವುದಕ್ಕೆ ಮಾತ್ರ. ಹಳೆಯ ಪತ್ರಿಕೆಯ ಪಟ್ಟಿಗಳನ್ನು ಹರಿದಳು. ಜಾಳು ಬಟ್ಟೆಯ ಕೆಳಗೆ ಪಟ್ಟಿ ಇಟ್ಟು, ಸೀಮೆಸುಣ್ಣದ ಗೆರೆಯ ಒಳಗೆ ಮೊದಲು ಒಂದು ಸುತ್ತು ಹೊಲಿಗೆ ಹಾಕಿ, ಆಮೇಲೆ ಗೆರೆಯ ಮೇಲೆ ಗಂಡನ ಕೈಕತ್ತರಿ ಆಡಿಸಿದಳು. ಎಳೆ ಓಡಲಿಲ್ಲ. ಕೂದಲುಬಟ್ಟೆಯ ಬೋಳು ತಳಕ್ಕೆ ಅದನ್ನು ಅಂಚುಗೂಡಿಸಿ ಹೊಲಿದು ಕಾಗದ ಹರಿದು ತೆಗೆದಳು. ಎತ್ತಿ ಹಿಡಿದು ಜಗ್ಗಿದಳು. ಬೆನ್ನೆಲುಬು ಸಿಕ್ಕಂತೆ ಆ ಜಾಳು ಹೆಣಿಗೆ ಗೆಣ್ಣಿನಷ್ಟೂ ಹಿಗ್ಗಲಿಲ್ಲ.

ಮಾಳಿಗೆಯಿಂದ ಇಳಿದ ಸಿಪ್ರಿಯಾನೊ ಬಾಗಿಲಲ್ಲಿ ನಿಂತು ನೋಡಿದ.

"ಅದು ನನ್ನ ಕತ್ತರಿ."

"ಹೂಂ. ಮೊಂಡಾಗಿದೆ. ಮಸೆದು ಕೊಡು."

ಅವನು ತೆಗೆದುಕೊಂಡು ಮಸೆದು ಕೊಟ್ಟ.

ಮುಂದಿನ ನಾಲ್ಕು ವಾರ ಆ ಮನೆಯಲ್ಲಿ ಕೆಲಸಗಳ ಜಾಗ ಅದಲುಬದಲಾಯಿತು. ದಾಮಸಾ ತೋಳುಗಳನ್ನು ಚಾಕುವಿನಲ್ಲಿ ಕತ್ತರಿಸಿದಳು. ಪ್ರತಿಯೊಂದಕ್ಕೂ ಮುಂಚೆ ಬಸೀಲಿಯಾ ಅಂಗೈಯಿಂದ ಬಟ್ಟೆ ಸವರಿ, "ಕೂದಲು ನಿನ್ನ ಕಡೆ ಇಳೀತಾ ಇದೆ, ಇಡು," ಎನ್ನುತ್ತಿದ್ದಳು. ಎಲ್ಲ ತುಂಡಿಗೂ ಕೂದಲು ಮೇಲಿನಿಂದ ಕೆಳಕ್ಕೇ ಇಳಿಯಬೇಕು. ಒಂದು ತೋಳು ಎದುರಾದರೂ ಕೋಟು ಎರಡು ಬಣ್ಣವಾಗಿ ಕಾಣುತ್ತದೆ. ನಿಯೆವೆಸ್ ಹೊಲಿಗೆಯೊಳಗೆ ಸಿಕ್ಕಿಕೊಂಡ ಕೂದಲನ್ನು ದಬ್ಬಣದಿಂದ ಎಳೆ ಎಳೆಯಾಗಿ ಹೊರಗೆಳೆದಳು, ಹೊಲಿಗೆಯೇ ಮಾಯವಾಗುವಷ್ಟು. ಎರಡನೆಯ ಯಂತ್ರದಲ್ಲಿ ಸಿಪ್ರಿಯಾನೊ ಕೂತ. ಹೊಲಿಯಲು ಅವನಿಗೆ ಬರುತ್ತಿತ್ತು, ನಿಧಾನಕ್ಕೆ. ಮಧ್ಯೆ ಎದ್ದು ಅಡುಗೆಯನ್ನೂ ಮಾಡಬೇಕಾಯಿತು.

"ಅಪ್ಪ, ಒಣ ಆಲೂಗಡ್ಡೆ ನೆನೆಸಿದ್ರಾ?" ನಿಯೆವೆಸ್ ಕಲ್ಲಿನಂಥ ಚೂರೊಂದನ್ನು ಬಾಯಿಂದ ತೆಗೆದಳು.

"ನೆನೆಸ್ಬೇಕಾ?"

"ಒಂದು ರಾತ್ರಿ ಇಡೀ."

"ಯಾರೂ ಹೇಳ್ಲಿಲ್ಲ."

"ಬಾಗಿಲು ಹಾಕ್ಕೊಂಡು ಬೇಯಿಸಿದ್ನೇನೋ," ಎಂದಳು ದಾಮಸಾ.

ಬಸೀಲಿಯಾ ನಕ್ಕಳು. ಈ ಸಲ ನಗು ಕೆಮ್ಮಾಗಲಿಲ್ಲ. ಎಲ್ಲರೂ ಅವಳ ಕಡೆ ನೋಡಿದರು. ಸಿಪ್ರಿಯಾನೊ ತನ್ನ ಬಟ್ಟಲಿನ ಕಲ್ಲನ್ನು ಸದ್ದಾಗುವಂತೆ ಕಡಿದು ನುಂಗಿದ.

ಹಬ್ಬಕ್ಕೆ ಆರು ದಿನ ಇರುವಾಗ ದೋನ್ ಎರಾಸ್ಮೊ ಬಂದ. ಮೂವತ್ತು ಕೋಟು ಗೋಡೆಯುದ್ದಕ್ಕೂ ತೂಗುತ್ತಿದ್ದವು. ಎಡಗಡೆ ಕೂದಲು ಹೊರಗೆ, ಬಲಗಡೆ ಹೆಣಿಗೆ ಹೊರಗೆ. ಅವನು ಟೋಪಿ ಹಿಂದಕ್ಕೆ ತಳ್ಳಿದ.

"ಮೇಸ್ತ್ರಿ, ಇದೇನು, ಅರ್ಧ ಉಣ್ಣೆ ಕತ್ತರಿಸ್ವಾಗ ಕುರಿ ಓಡಿಹೋಯ್ತಾ?"

"ಹಾಕ್ಕೊಂಡು ನೋಡಿ," ಎಂದಳು ದಾಮಸಾ.

"ನೀವು ಸ್ವಲ್ಪ ಬಿಸಿ ಏನಾದ್ರೂ ಇಡಿ ಅಕ್ಕ, ನಾವು ಮಾತಾಡ್ತೀವಿ. ಮೇಸ್ತ್ರಿ, ನಿಮ್ಮ ಕೈ ಹೀಗೆ ತಪ್ಪಲ್ಲ. ಹೆಂಗಸರ ಕೈಗೆ ಬಿಟ್ರಾ? ಹೋಗಲಿ, ಹಳೇ ಗುರುತು. ಅರ್ಧ ಬೆಲೆಗೆ ತಗೋತೀನಿ, ಕತ್ತಿನ ಪಟ್ಟಿ ಕಿತ್ತುಬಿಡಿ. ನಿಮ್ಮ ಅಪ್ಪನ ಹೆಸರು ಉಳೀಲಿ."

ಸಿಪ್ರಿಯಾನೊ ತಾಯಿಯ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ಹತ್ತಿರದ ಕೋಟು ಇಳಿಸಿ ಅದರ ಕತ್ತನ್ನು ಬಿಡಿಸಿ ತೋರಿಸಿದ. ಪಟ್ಟಿ ಇರಲಿಲ್ಲ. ದಾಮಸಾ ಹೊಲಿದೇ ಇರಲಿಲ್ಲ.

"ತಪ್ಪು ನನ್ನದು ದೋನ್ ಎರಾಸ್ಮೊ. ಕೋಟು ಅವಳದು. ಬೆಲೆ ಅವಳ ಹತ್ರ ಕೇಳಿ."

"ತಮಾಷೆ ಮಾಡ್ಬೇಡಿ ಮೇಸ್ತ್ರಿ."

"ಪೂರ್ತಿ ಬೆಲೆ," ಎಂದಳು ದಾಮಸಾ. "ಬಲಗಡೆ ಎರಡು ಬಟ್ಟೆ ಇದೆ, ಹೆಚ್ಚಿಗೇ ಕೇಳ್ಬೇಕು. ನಿಮ್ಮ ಹಳೇ ಗುರುತಿಗೆ ಅಂತ ಬಿಟ್ಟಿದ್ದೀನಿ."

ಎರಾಸ್ಮೊ ಬಾಗಿಲವರೆಗೆ ಹೋಗಿ, ಕರೆಯುತ್ತಾರೆಂದು ನಿಂತ. ಬಸೀಲಿಯಾ ಮಂಚದಿಂದಲೇ ಹೇಳಿದಳು: "ಬಾಗಿಲು ಎಳ್ಕೊಂಡು ಹೋಗಪ್ಪ, ಚಳಿ ಬರತ್ತೆ."

ಗುರುವಾರದ ಸಂತೆಗೆ ಇಡೀ ಮನೆ ಹೋಯಿತು. ಬೆಳಕು ಹರಿಯುವ ಮೊದಲೇ ಜಾಗ ಹಿಡಿದು ನೆಲದ ಮೇಲೆ ಹೊದಿಕೆ ಹಾಸಿದರು. ತಲೆಯ ಮೇಲೆ ತಂತಿಯಲ್ಲಿ ಕೇಬಲ್ ಕಾರಿನ ತೊಟ್ಟಿಲುಗಳು ಜನರನ್ನು ತುಂಬಿಕೊಂಡು ಸಾಗುತ್ತಿದ್ದವು. ದಾಮಸಾ ಕೋಟುಗಳನ್ನು ಜೋಡಿಸಿ ತಿರುಗಿದರೆ, ಸಿಪ್ರಿಯಾನೊ ತನ್ನ ಗಂಟು ಬಿಚ್ಚಿ ಕರೆಂಟಿನ ಕತ್ತರಿಯನ್ನು ಹೊದಿಕೆಯ ತುದಿಗೆ ಇಡುತ್ತಿದ್ದ.

"ಇದ್ಯಾಕೆ ತಂದೆ?"

"ಮಾರೋಕೆ."

ಅಷ್ಟರಲ್ಲಿ ಆಲೂಗಡ್ಡೆ ಮಾರುವ ಹೆಂಗಸೊಬ್ಬಳು ಎದುರು ನಿಂತಿದ್ದಳು. ಗಂಡಸರ ಕೋಟೆಂದು ಲೆಕ್ಕಿಸದೆ ಹಾಕಿಕೊಂಡು, ಸೆಡೆತ ಎಡಗೈಯನ್ನು ಬಲ ಎದೆಯ ಒಳಗೆ ತೂರಿಸಿದಳು.

"ಅಯ್ಯೋ! ಒಳಗೆ ನಾಯಿಮರಿ ಇಟ್ಟಿದ್ದೀಯೇನೆ?"

"ನಾಯಿಮರಿಗೆ ಬೇರೆ ದುಡ್ಡಿಲ್ಲ," ಎಂದಳು ನಿಯೆವೆಸ್.

ಹೆಂಗಸು ಗಂಡನನ್ನು ಕೂಗಿದಳು. ಗಂಡ ಪಕ್ಕದ ಅಂಗಡಿಯವನನ್ನು ಕೂಗಿದ. ಹೊರೆ ಹೊರುವವರು ಬಂದರು, ಮಿನಿ ಬಸ್ಸಿನ ಬಾಗಿಲಲ್ಲಿ ಊರ ಹೆಸರು ಕೂಗುವ ಹುಡುಗಿ ಬಂದಳು. ಬಂದವರೆಲ್ಲ ಮೊದಲು ಕೈ ಒಳಗಿಟ್ಟು ನೋಡಿದರು, ಆಮೇಲೆ ಬೆಲೆ ಕೇಳಿದರು. ಕೇಳಿದವರೆಲ್ಲ ಸಿಪ್ರಿಯಾನೊನ ಮುಖ ನೋಡಿ ಕೇಳಿದರು. ಅವನು ಪ್ರತಿ ಸಲವೂ ಹೆಬ್ಬೆರಳನ್ನು ಹೆಂಡತಿಯ ಕಡೆ ತಿರುಗಿಸಿದ.

ಕತ್ತರಿಗೂ ಗಿರಾಕಿ ಬಂದ. ದರ್ಜಿಯೇ, ತೋಳಿನ ತುಂಬ ದಾರದ ಚೂರು.

"ಓಡತ್ತಾ ಇದು?"

"ಚೆನ್ನಾಗಿ ಓಡತ್ತೆ. ಏನು ಕತ್ತರಿಸ್ತೀರಿ?"

"ಕೂದಲುಬಟ್ಟೆ. ಈಗ ಅದೇ ತಾನೇ ಓಡೋದು."

"ಮನೇಲಿ ಎಷ್ಟು ಕೋಣೆ?"

"ಯಾಕಪ್ಪ, ಹೆಣ್ಣು ಕೊಡ್ತೀಯಾ? ಒಂದೇ."

"ಮಕ್ಕಳಿದ್ದಾರಾ?"

"ಇಬ್ಬರು."

"ಹಾಗಾದ್ರೆ ಕೊಡಲ್ಲ."

ದರ್ಜಿ ಬೈದು ಹೋದ. ಎರಡನೆಯವನು ಬಂದ, ಅವನಿಗೂ ಒಂದೇ ಕೋಣೆ. ಮೂರನೆಯವಳು ಹೆಂಗಸು, ಬೆನ್ನಿನ ಜೋಳಿಗೆಯಲ್ಲಿ ಮಲಗಿದ್ದ ಕೂಸು ಕೆಮ್ಮುತ್ತಿತ್ತು. ಸಿಪ್ರಿಯಾನೊ ಅವಳಿಗೆ ಬೆಲೆ ಹೇಳಲೇ ಇಲ್ಲ. ದಾಮಸಾಳ ಕಡೆ ಕಳಿಸಿ, "ಚಾಕುವಲ್ಲಿ ಕತ್ತರಿಸೋದು ಹೇಗೆ ಅಂತ ಅವಳು ತೋರಿಸ್ತಾಳೆ, ಬಾಗಿಲು ತೆಗೆದಿಟ್ಟು ಕಲೀರಿ," ಎಂದ. ಮಧ್ಯಾಹ್ನದ ಹೊತ್ತಿಗೆ ಕೋಟು ಒಂದೂ ಉಳಿದಿರಲಿಲ್ಲ. ಇಡೀ ಎಲ್ ಆಲ್ಟೊಗೆ ಬಟ್ಟೆ ಹೊಲಿಯುವ ಜನ ಬಂದು ಹೋಗುವ ಆ ಸಂತೆಯಲ್ಲಿ ಎರಡು ಕೋಣೆಯ ದರ್ಜಿಯೊಬ್ಬ ಮಾತ್ರ ಸಿಗಲಿಲ್ಲ. ಕತ್ತರಿ ಬಂದ ಗಂಟಿನಲ್ಲೇ ಹಿಂದೆ ಹೋಯಿತು.

ದಾರಿಯಲ್ಲಿ ದಾಮಸಾ ಒಂದು ಅಂಗಡಿಯ ಮುಂದೆ ನಿಂತಳು. "ಸಿಮೆಂಟು ಎತ್ಕೋ," ಎಂದಳು. "ಒಂದು ಮೂಟೆ ಈಗ. ಉಳಿದದ್ದು ಭಾನುವಾರ."

"ಏನಕ್ಕೆ?"

"ಮಾಳಿಗೆ ಮೇಲೆ ಇಟ್ಟಿಗೆ ಕೂತ್ಕೊಳ್ಳೋಕೆ ಮಾತ್ರ ಅಂದ್ಕೊಂಡ್ಯಾ?"

ಸಾನ್ ಹುವಾನ್ ಕಳೆದ ಮೇಲಿನ ಶನಿವಾರ ಬಟ್ಟೆ ಕತ್ತರಿಸುವ ಹೊಸ ಕೋಣೆಯ ಗೋಡೆ ಮೊಣಕಾಲಿನ ಎತ್ತರಕ್ಕೆ ಬಂದಿತ್ತು. ಬಸೀಲಿಯಾ ಅಂಗಳದ ಬಿಸಿಲಿನಲ್ಲಿ ಕೂತು, ತಾನು ಮೊದಲು ಹೊದ್ದುಕೊಂಡಿದ್ದ ಆ ಒಂದು ತುಂಡಿನಿಂದ ನಿಯೆವೆಸ್ ಹೊಲಿದುಕೊಟ್ಟ ಎದೆಗವಚ ಹಾಕಿಕೊಂಡು, ಮೇಲೆ ನಡೆಯುವ ಜಗಳ ಕೇಳುತ್ತಿದ್ದಳು. ಆ ತುಂಡಿನ ಕೋಟಿಗೆ ಬೇರೆ ಎದೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಸಿಪ್ರಿಯಾನೊ ತೋಳಿನ ಉಳಿಕೆ ಚೂರುಗಳನ್ನು ತಾನೇ ಜೋಡಿಸಿದ್ದೆಂದು ಹೇಳುತ್ತಾನೆ. ಹೊಲಿಗೆ ಎಲ್ಲಿದೆ ಎಂದು ಈವರೆಗೆ ಯಾರೂ ಕಂಡುಹಿಡಿದಿಲ್ಲ.

ಮಾಳಿಗೆಯ ಮೇಲೆ ಸಿಪ್ರಿಯಾನೊ ಗಾರೆ ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟು ಕೇಳಿದ. ದನಿಯಲ್ಲಿ ಅಣಕ ಇರಲಿಲ್ಲ.

"ಬಾಗಿಲು ಯಾವ ಕಡೆ ಬಿಡ್ಲಿ, ಮೇಸ್ತ್ರಮ್ಮ?"

ದಾಮಸಾ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದಳು. ಕೂದಲು ಹೊರಗೆ ಹೋಗಬೇಕಾದ ದಿಕ್ಕು ನೋಡಿದಳು.

"ಎಡಕ್ಕೆ ಬಿಡು," ಎಂದಳು. "ಎಡ ನಿನಗೆ ಚೆನ್ನಾಗಿ ಬರತ್ತೆ."